ಬಿರುಗಾಳಿ ಎಬ್ಬಿಸಿದವನಿಗೂ ಆಗದ ಕೆಲಸ

ಹಡಗು ಬಿರುಗಾಳಿಗೆ ಸಿಕ್ಕಿದೆ. ಒಳಗೆ ನೇಪಲ್ಸ್‌ನ ರಾಜ ಇದ್ದಾನೆ, ಅವನ ಮಗ ಇದ್ದಾನೆ, ಮಿಲಾನ್‌ನ ಡ್ಯೂಕ್ ಇದ್ದಾನೆ. ದೊಡ್ಡವರೆಲ್ಲ ಮೇಲೆ ಬಂದು ಕೆಲಸಗಾರರಿಗೆ ಅಡ್ಡ ನಿಂತುಬಿಡುತ್ತಾರೆ. ನಾವಿಕರ ಮೇಸ್ತ್ರಿಗೆ ರೇಗಿಹೋಗುತ್ತದೆ. ಮೊರೆಯುತ್ತಿರುವ ಈ ಅಲೆಗಳಿಗೆ ರಾಜನ ಹೆಸರು ಕಟ್ಟಿಕೊಂಡು ಏನಾಗಬೇಕು, ಒಳಗೆ ಹೋಗಿ ಅನ್ನುತ್ತಾನೆ. ಹಡಗಿನಲ್ಲಿ ಯಾರಿದ್ದಾರೆ ಅನ್ನೋದು ನೆನಪಿರಲಿ ಎಂದು ಗೊನ್ಝಾಲೊ ಎಂಬ ಮುದುಕ ಮಂತ್ರಿ ಎಚ್ಚರಿಸಿದರೆ, ನೀವು ದೊಡ್ಡ ಮಂತ್ರಿ ಅಲ್ವಾ, ಗಾಳಿಗೆ ಸುಮ್ಮನಿರು ಅಂತ ಅಪ್ಪಣೆ ಕೊಡಿ, ಕೇಳಿದರೆ ನಾವು ಇನ್ನು ಹಗ್ಗ ಮುಟ್ಟುವುದಿಲ್ಲ ಎಂದು ತಿರುಗಿ ಹೇಳುತ್ತಾನೆ.

ಶೇಕ್ಸ್‌ಪಿಯರ್‌ನ ‘ದಿ ಟೆಂಪೆಸ್ಟ್’ ಶುರುವಾಗುವುದು ಹೀಗೆ. ರಾಜನ ಎದುರಿಗೇ ಒಬ್ಬ ಕೂಲಿಯವನು ರಾಜನ ಅಧಿಕಾರ ಎಲ್ಲಿಯವರೆಗೆ ನಡೆಯುತ್ತದೆ ಎಂದು ಕೇಳಿಬಿಡುತ್ತಾನೆ. ಅದಕ್ಕೆ ಉತ್ತರ ಹುಡುಕುತ್ತಾ ಹೋಗುವುದೇ ಮುಂದಿನ ನಾಟಕ ಅಂತ ನನ್ನ ಓದು.

ಮುಂದಿನ ದೃಶ್ಯದಲ್ಲೇ ಒಂದು ತಿರುವು. ಗಾಳಿಗೆ ಅಪ್ಪಣೆ ಕೊಡಬಲ್ಲವನು ಒಬ್ಬ ಇದ್ದಾನೆ, ಆದರೆ ಅವನಿಗೆ ಸಿಂಹಾಸನ ಇಲ್ಲ. ಪ್ರಾಸ್ಪೆರೊ, ಮಿಲಾನ್‌ನ ಹಳೆಯ ಡ್ಯೂಕ್. ಹನ್ನೆರಡು ವರ್ಷದ ಹಿಂದೆ ತಮ್ಮ ಆಂಟೋನಿಯೊ ನೇಪಲ್ಸ್ ರಾಜನ ಜೊತೆ ಸೇರಿಕೊಂಡು, ಅವನನ್ನೂ ಇನ್ನೂ ಮೂರು ವರ್ಷ ತುಂಬದ ಅವನ ಮಗಳು ಮಿರಾಂಡಾಳನ್ನೂ ಒಂದು ಹಳೆಯ ದೋಣಿಯಲ್ಲಿ ಸಮುದ್ರಕ್ಕೆ ತಳ್ಳಿದ್ದ. ಇದೇ ಗೊನ್ಝಾಲೊ ಕನಿಕರಪಟ್ಟು ಅನ್ನ, ನೀರು, ಬಟ್ಟೆ, ಜೊತೆಗೆ ಪುಸ್ತಕಗಳನ್ನು ಇಟ್ಟುಕೊಟ್ಟಿದ್ದ. ಆ ಪುಸ್ತಕಗಳಿಂದಲೇ ಪ್ರಾಸ್ಪೆರೊ ಈಗ ಮಾಂತ್ರಿಕ. ಹಳೆಯ ಶತ್ರುಗಳೆಲ್ಲ ಒಂದೇ ಹಡಗಿನಲ್ಲಿ ತನ್ನ ದ್ವೀಪದ ಹತ್ತಿರ ಬಂದಾಗ ಅವನು ಗಾಳಿ ಎಬ್ಬಿಸಿದ್ದಾನೆ.

ಆದರೆ ಆ ಬಿರುಗಾಳಿಯೂ ನಿಜವಲ್ಲ. ಯಾರೂ ಸತ್ತಿಲ್ಲ, ಒಂದು ಕೂದಲೂ ಕೊಂಕಿಲ್ಲ. ಮೊದಲ ದೃಶ್ಯದಲ್ಲಿ ‘ಒದ್ದೆಯಾದ ನಾವಿಕರು ಬರುತ್ತಾರೆ’ ಎಂದು ರಂಗಸೂಚನೆಯೇ ಇದೆ. ಆದರೆ ಎರಡನೆಯ ಅಂಕದಲ್ಲಿ ಗೊನ್ಝಾಲೊ ತನ್ನ ಬಟ್ಟೆ ಮುಟ್ಟಿ ನೋಡಿ, ಸಮುದ್ರದಲ್ಲಿ ಮುಳುಗಿ ಎದ್ದರೂ ಹೊಸದರ ಹಾಗೇ ಇದೆಯಲ್ಲ ಅಂತ ಬೆರಗಾಗುತ್ತಾನೆ. ನಾವು ಕಣ್ಣಾರೆ ನೋಡಿ ನಂಬಿದ್ದು ಸುಳ್ಳು ಎಂದು ನಾಟಕ ಎರಡನೇ ದೃಶ್ಯದಲ್ಲೇ ಒಪ್ಪಿಕೊಳ್ಳುತ್ತದೆ, ಒಪ್ಪಿಕೊಂಡ ಮೇಲೂ ನಾವು ನಂಬುತ್ತಲೇ ಹೋಗುತ್ತೇವೆ.

1611ರ ನವೆಂಬರ್ 1ರಂದು ಲಂಡನ್ನಿನ ಅರಮನೆಯಲ್ಲಿ ಒಂದನೇ ಜೇಮ್ಸ್ ರಾಜನ ಎದುರು ಇದು ಆಡಿದ್ದಕ್ಕೆ ದಾಖಲೆ ಇದೆ. 1612-13ರ ಚಳಿಗಾಲದಲ್ಲಿ ಅವನ ಮಗಳ ಮದುವೆಯ ಸಂಭ್ರಮದಲ್ಲೂ ಆಡಿದರು. ಅಚ್ಚಾದದ್ದು ಮಾತ್ರ ಶೇಕ್ಸ್‌ಪಿಯರ್ ಸತ್ತ ಏಳು ವರ್ಷದ ಮೇಲೆ, 1623ರಲ್ಲಿ, ಅವನ 36 ನಾಟಕಗಳ ದೊಡ್ಡ ಸಂಪುಟದಲ್ಲಿ ಮೊದಲನೆಯದಾಗಿ. ಕಥೆಯ ಹಿಂದೆ ಒಂದು ನಿಜವಾದ ಬಿರುಗಾಳಿಯೂ ಇತ್ತು. 1609ರಲ್ಲಿ ವರ್ಜೀನಿಯಾಕ್ಕೆ ಹೊರಟಿದ್ದ ‘ಸೀ ವೆಂಚರ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಬರ್ಮುಡಾದಲ್ಲಿ ಒಡೆಯಿತು. ಸತ್ತೇಹೋದರು ಅಂದುಕೊಂಡವರು ಅಲ್ಲೇ ತಿಂಗಳುಗಟ್ಟಲೆ ಬದುಕಿ, ಎರಡು ಚಿಕ್ಕ ಹಡಗು ಕಟ್ಟಿಕೊಂಡು ಮರುವರ್ಷ ವರ್ಜೀನಿಯಾ ತಲುಪಿದರು. ಆ ಸುದ್ದಿ ಇಂಗ್ಲೆಂಡಿನಲ್ಲಿ ದೊಡ್ಡ ಮಾತಾಗಿತ್ತು.

ಜೇಮ್ಸ್ ರಾಜನ ವಿಷಯ ಇಲ್ಲಿ ಮುಖ್ಯ. ಈತ ಮಾಟಮಂತ್ರದ ಬಗ್ಗೆ 1597ರಲ್ಲಿ ತಾನೇ ಒಂದು ಪುಸ್ತಕ ಬರೆದವನು. ಅವನು ಇಂಗ್ಲೆಂಡಿಗೆ ಬಂದ ಮೇಲೆ 1604ರಲ್ಲಿ ಮಾಟಗಾರರ ವಿರುದ್ಧ ಕಾನೂನು ಇನ್ನಷ್ಟು ಬಿಗಿಯಾಯಿತು. ಅಂಥ ರಾಜನ ಮುಂದೆ ಮಂತ್ರಕೋಲು ಹಿಡಿದವನನ್ನೇ ಕಥಾನಾಯಕ ಮಾಡಿ ನಿಲ್ಲಿಸಬೇಕು ಅಂದರೆ, ಇವನ ಮಂತ್ರ ಒಳ್ಳೆಯದು ಅಂತ ಕಾಣಲು ಪಕ್ಕದಲ್ಲಿ ಒಂದು ಕೆಟ್ಟ ಮಂತ್ರ ಬೇಕು. ಅದು ಸಿಕೊರಾಕ್ಸ್, ಪ್ರಾಸ್ಪೆರೊ ಆಳಾಗಿ ಇಟ್ಟುಕೊಂಡಿರುವ ಕ್ಯಾಲಿಬನ್‌ನ ತಾಯಿ. ಅಲ್ಜಿಯರ್ಸ್‌ನಿಂದ ಗಡೀಪಾರಾಗಿ, ಬಸುರಿಯಾಗಿ ಈ ದ್ವೀಪಕ್ಕೆ ಬಂದವಳು. ಏರಿಯಲ್ ಎಂಬ ಗಾಳಿಯ ಜೀವವನ್ನು ಪೈನ್ ಮರದ ಸೀಳಿನಲ್ಲಿ ಹನ್ನೆರಡು ವರ್ಷ ಸಿಕ್ಕಿಸಿಟ್ಟವಳು.

ಅವಳ ಬಗ್ಗೆ ಇಷ್ಟು ಕೆಟ್ಟದ್ದು ಹೇಳುವವನು ಯಾರು ಅಂತ ಗಮನಿಸಿದ್ದೀರಾ? ಪ್ರಾಸ್ಪೆರೊ. ಅವನು ದ್ವೀಪಕ್ಕೆ ಬರುವ ಮೊದಲೇ ಅವಳು ಸತ್ತಿದ್ದಳು. ಅವನು ಅವಳನ್ನು ನೋಡಿಯೇ ಇಲ್ಲ. ಅವಳ ಕಥೆಯನ್ನು ಅವಳ ಕೈಯಲ್ಲಿ ನರಳಿದ ಏರಿಯಲ್‌ಗೇ ಮತ್ತೆ ಮತ್ತೆ ಹೇಳುತ್ತಾನೆ. ತಿಂಗಳಿಗೊಮ್ಮೆ ನಿನಗೆ ಇದನ್ನು ನೆನಪಿಸಬೇಕು ಅಂತ ಅವನೇ ಹೇಳುತ್ತಾನೆ. ಯಾಕೆ ನೆನಪಿಸಬೇಕು? ಏರಿಯಲ್ ಬಿಡುಗಡೆ ಕೇಳಿದಾಗಲೆಲ್ಲ ಬಾಯಿ ಮುಚ್ಚಿಸಲು. ನಾನು ಬಿಡಿಸಿದೆನಲ್ಲ, ನೆನಪಿಲ್ಲವಾ? ಜಾಸ್ತಿ ಗೊಣಗಿದರೆ ಓಕ್ ಮರ ಸೀಳಿ ಹನ್ನೆರಡು ಚಳಿಗಾಲ ನಾನೂ ಸಿಕ್ಕಿಸಿಡುತ್ತೇನೆ. ಮರ ಬೇರೆ, ಶಿಕ್ಷೆ ಅದೇ, ವರ್ಷವೂ ಅಷ್ಟೇ. ಇದನ್ನು ಓದಿದಾಗೆಲ್ಲ ನನಗೆ ಮೈ ಚುರುಕ್ ಅನ್ನುತ್ತದೆ.

ಐದನೇ ಅಂಕದಲ್ಲಿ ಇದಕ್ಕೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಮಂತ್ರವಿದ್ಯೆ ಬಿಡುವ ಮುನ್ನ ಪ್ರಾಸ್ಪೆರೊ ತಾನು ಮಾಡಿದ ದೊಡ್ಡ ಕೆಲಸಗಳನ್ನೆಲ್ಲ ಹೇಳಿಕೊಳ್ಳುತ್ತಾನೆ. ನಡುಹಗಲಲ್ಲಿ ಸೂರ್ಯನನ್ನು ಮಂಕು ಮಾಡಿದೆ, ಗೋರಿಗಳು ಬಾಯಿಬಿಟ್ಟು ಸತ್ತವರು ಎದ್ದು ಬಂದರು ಎಂದೆಲ್ಲ. ಈ ಭಾಷಣದ ಮೂಲ ರೋಮನ್ ಕವಿ ಓವಿಡ್‌ನಲ್ಲಿದೆ. ಶೇಕ್ಸ್‌ಪಿಯರ್ ಲ್ಯಾಟಿನ್ ಮೂಲವನ್ನೂ 1567ರ ಇಂಗ್ಲಿಷ್ ಅನುವಾದವನ್ನೂ ನೋಡಿ ಬರೆದಿದ್ದಾನೆ ಅಂತ ವಿದ್ವಾಂಸರು ಸಾಲು ಸಾಲಾಗಿ ತೋರಿಸಿದ್ದಾರೆ. ಓವಿಡ್‌ನಲ್ಲಿ ಆ ಮಾತು ಆಡುವವಳು ಮೀಡಿಯಾ, ಹಳೆಯ ಕಥೆಗಳಲ್ಲೇ ಎಲ್ಲರೂ ಹೆದರುವ ಮಾಟಗಾತಿ. ಒಳ್ಳೆಯ ಮಾಂತ್ರಿಕನ ಬಾಯಿಗೆ ಮಾಟಗಾತಿಯ ಮಾತನ್ನೇ ಇಟ್ಟಿದ್ದಾನೆ. ಇದು ಬೇಕಂತಲೇ ಮಾಡಿದ್ದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಪ್ರಾಸ್ಪೆರೊಗೂ ಸಿಕೊರಾಕ್ಸ್‌ಗೂ ನಡುವೆ ಇರುವ ಗೋಡೆ ಅವನು ಹೇಳುವಷ್ಟು ದಪ್ಪ ಇಲ್ಲ.

ಇನ್ನೊಂದು ವಿಷಯ. ಇಡೀ ನಾಟಕದಲ್ಲಿ ಪ್ರಾಸ್ಪೆರೊ ತನ್ನ ಕೈಯಾರೆ ಮಾಡುವ ಮಾಯೆ ಎಷ್ಟು ಅಂತ ಪಟ್ಟಿ ಮಾಡಿ ನೋಡಿ. ಮಗಳನ್ನು ನಿದ್ದೆ ಮಾಡಿಸುತ್ತಾನೆ, ಕತ್ತಿ ಎತ್ತಿದ ರಾಜಕುಮಾರನ ಕೈ ಕಟ್ಟಿಹಾಕುತ್ತಾನೆ. ಉಳಿದದ್ದರಲ್ಲಿ ಹೆಚ್ಚಿನದೆಲ್ಲ ಏರಿಯಲ್ ಕೆಲಸ. ಹಡಗಿನ ಮೇಲೆ ಬೆಂಕಿಯಾಗಿ ಉರಿದವನು ಅವನು, ರಾಜಕುಮಾರನನ್ನು ಹಾಡಿನಿಂದ ಎಳೆದು ತಂದವನು ಅವನು, ಕುಡುಕರನ್ನು ಕೊಳಚೆ ಹೊಂಡಕ್ಕೆ ಇಳಿಸಿದವನೂ ಅವನೇ. ಇಷ್ಟೂ ಮಾಡಿ ಅವನು ಕೇಳುವುದು ಒಂದೇ, ನನ್ನ ಬಿಡುಗಡೆ ಯಾವಾಗ?

ಮನೆ ನಡೆಯುವುದು ಕ್ಯಾಲಿಬನ್‌ನಿಂದ. ಮಿರಾಂಡಾ ಅವನ ಮುಖ ನೋಡಲು ಇಷ್ಟವಿಲ್ಲ ಎಂದಾಗ ಅಪ್ಪ ಹೇಳುವ ಮಾತು ನೋಡಿ: ಅವನಿಲ್ಲದೆ ನಮಗೆ ಆಗುವುದಿಲ್ಲ, ಬೆಂಕಿ ಹಾಕುವವನು, ಸೌದೆ ತರುವವನು ಅವನೇ. ನಡುಹಗಲಲ್ಲಿ ಸೂರ್ಯನನ್ನು ಮಂಕು ಮಾಡಬಲ್ಲವನಿಗೆ ಒಲೆ ಹಚ್ಚಲು ಇನ್ನೊಬ್ಬ ಬೇಕು! ನನಗೆ ಈ ನಾಟಕದಲ್ಲಿ ಅತಿ ಹೆಚ್ಚು ಕಾಡಿದ ಸಾಲು ಇದು. ಅಧಿಕಾರ ಎಷ್ಟೇ ದೊಡ್ಡದಿರಲಿ, ಅದರ ಸೌದೆಯನ್ನು ಯಾರೋ ಹೊರುತ್ತಿರುತ್ತಾರೆ. ರಾಜಕುಮಾರ ಫರ್ಡಿನಂಡ್‌ಗೂ ಆಮೇಲೆ ಸಾವಿರಾರು ಮರದ ದಿಮ್ಮಿ ಹೊರುವ ಕೆಲಸವೇ ಸಿಗುತ್ತದೆ. ಆದರೆ ಅವನಿಗೆ ಅದು ಪ್ರೀತಿಯ ಪರೀಕ್ಷೆ, ಅದು ಮುಗಿದರೆ ಮದುವೆ. ಕ್ಯಾಲಿಬನ್‌ಗೆ ಮುಗಿಯುವ ದಿನವೇ ಇಲ್ಲ.

ಕ್ಯಾಲಿಬನ್ ಮುಗ್ಧ ಅಂತ ನಾನು ಹೇಳುತ್ತಿಲ್ಲ. ಅವನು ಮಿರಾಂಡಾ ಮೇಲೆ ಬಲಾತ್ಕಾರಕ್ಕೆ ಹೋಗಿದ್ದ, ಅದನ್ನು ಎದುರಿಗೆ ಹೇಳಿದಾಗ ನಾಚುವುದೂ ಇಲ್ಲ. ಅವನನ್ನು ಸುಮ್ನೆ ಪಾಪದವನು ಮಾಡಿ ತೋರಿಸುವ ಪ್ರಯೋಗಗಳು ಆ ಹುಡುಗಿಗೆ ಅನ್ಯಾಯ ಮಾಡುತ್ತವೆ. ಆದರೂ ಈ ದ್ವೀಪ ನನ್ನದು, ನನ್ನ ತಾಯಿಯಿಂದ ಬಂದದ್ದು, ನೀನು ಕಿತ್ತುಕೊಂಡೆ ಎಂಬ ಅವನ ಮಾತಿಗೆ ಪ್ರಾಸ್ಪೆರೊ ಉತ್ತರ ಕೊಡುವುದೇ ಇಲ್ಲ. ನೀನು ಸುಳ್ಳುಗಾರ, ನನ್ನ ಮಗಳ ಮೇಲೆ ಕೈಮಾಡಿದೆ ಅನ್ನುತ್ತಾನೆ. ಆ ಅಪರಾಧ ನಿಜ. ಆದರೆ ನೆಲದ ಪ್ರಶ್ನೆ ನೆಲದ ಪ್ರಶ್ನೆಯಾಗಿಯೇ ಉಳಿಯುತ್ತದೆ.

ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಶೇಕ್ಸ್‌ಪಿಯರ್ ಸಂಪುಟ ಒಂದಿತ್ತು. ಕಾವಲಿನವರ ಕಣ್ಣು ತಪ್ಪಿಸಲು ಅದಕ್ಕೆ ದೀಪಾವಳಿ ಶುಭಾಶಯದ ಕಾರ್ಡುಗಳನ್ನು ಅಂಟಿಸಿ ದೇವರ ಪುಸ್ತಕ ಅಂತ ನಂಬಿಸಿದ್ದರು. ಕೈದಿಗಳು ತಮಗೆ ಹಿಡಿಸಿದ ಸಾಲಿನ ಪಕ್ಕ ಸಹಿ ಹಾಕುತ್ತಿದ್ದರು. ಮಂಡೇಲಾ ಸಹಿ ಹಾಕಿದ್ದು ‘ಜೂಲಿಯಸ್ ಸೀಸರ್’ನ ಒಂದು ಭಾಗಕ್ಕೆ. ಭಾರತ ಮೂಲದ ಹೋರಾಟಗಾರ ಬಿಲ್ಲಿ ನಾಯರ್ ಆರಿಸಿದ್ದು ಕ್ಯಾಲಿಬನ್‌ನ ಇದೇ ಮಾತು, ಈ ದ್ವೀಪ ನನ್ನದು. 1969ರಲ್ಲಿ ಮಾರ್ಟಿನಿಕ್‌ನ ಕವಿ ಎಮೆ ಸೆಜೇರ್ ಈ ನಾಟಕವನ್ನು ಹೊಸದಾಗಿ ಬರೆದಾಗ ಕ್ಯಾಲಿಬನ್ ಕಪ್ಪು ಗುಲಾಮನಾದ, ರಂಗದ ಮೇಲೆ ಅವನ ಮೊದಲ ಮಾತೇ ಸ್ವಾತಂತ್ರ್ಯದ ಕೂಗಾಯಿತು. ಕನ್ನಡಕ್ಕೆ ಇದು ಅದಕ್ಕೂ ಮೊದಲೇ ಬಂದಿದೆ, 1930ರಲ್ಲಿ ಕುವೆಂಪು ಅವರ ‘ಬಿರುಗಾಳಿ’ಯಾಗಿ. ಇಂಗ್ಲಿಷ್ ಕಲಿಸಿದವರ ನಾಟಕವನ್ನೇ ತೆಗೆದುಕೊಂಡು ಕನ್ನಡದ ಮಾತಿಗೆ ಒಗ್ಗಿಸಿದ್ದು ಕೂಡ ಕ್ಯಾಲಿಬನ್‌ಗೆ ಒಂದು ಉತ್ತರ. ನೀನು ಕೊಟ್ಟ ಭಾಷೆಯಿಂದ ನನಗಾದ ಲಾಭ ಶಾಪ ಹಾಕಲು ಕಲಿತದ್ದು ಅಂತ ಅವನು ಹೇಳುತ್ತಾನಲ್ಲ, ಆ ಭಾಷೆಯಿಂದ ನಮ್ಮವರು ಬೇರೆಯದನ್ನೂ ಮಾಡಿದರು.

ಮಾಯೆಗೆ ಬರುತ್ತೇನೆ. ಈ ನಾಟಕದ ಮಾಯೆಗೆ ಅತಿ ಕಡಿಮೆ ಮರುಳಾಗುವವನು ಯಾರು? ನನ್ನ ಪ್ರಕಾರ ಕ್ಯಾಲಿಬನ್. ಸ್ಟೆಫಾನೊ ಎಂಬ ಕುಡುಕನ ಸೀಸೆಗೆ ಅವನು ಮರುಳಾದದ್ದು ನಿಜ. ಆ ಕುಡುಕನನ್ನೇ ದೇವರು ಅಂದುಕೊಂಡು ಕಾಲು ನೆಕ್ಕಲು ಹೊರಟದ್ದೂ ನಿಜ. ಆದರೆ ಪ್ರಾಸ್ಪೆರೊನ ಶಕ್ತಿ ಎಲ್ಲಿದೆ ಅಂತ ಸರಿಯಾಗಿ ಗೊತ್ತಿರುವವನು ಅವನೇ. ಮೊದಲು ಪುಸ್ತಕ ಕಿತ್ತುಕೊಳ್ಳಿ, ಅದಿಲ್ಲದಿದ್ದರೆ ಅವನೂ ನನ್ನ ಹಾಗೇ ಒಬ್ಬ ದಡ್ಡ ಅನ್ನುತ್ತಾನೆ. ಪ್ರಾಸ್ಪೆರೊನನ್ನು ಕೊಲ್ಲಲು ಹೊರಟ ಮೂವರ, ಅಂದರೆ ಕ್ಯಾಲಿಬನ್, ಸ್ಟೆಫಾನೊ ಮತ್ತು ಅವನ ಜೊತೆಗಾರನ ಕಣ್ಣಿಗೆ ಬೀಳಲಿ ಅಂತ ಏರಿಯಲ್ ಹಗ್ಗದ ಮೇಲೆ ಥಳಥಳ ಹೊಳೆಯುವ ಬಟ್ಟೆ ನೇತುಹಾಕಿದಾಗ, ಉಳಿದಿಬ್ಬರು ಅದಕ್ಕೆ ಮುಗಿಬೀಳುತ್ತಾರೆ. ಬಿಡಿ, ಅದು ಕಸ ಅಂತ ಗೋಗರೆಯುವವನು ಕ್ಯಾಲಿಬನ್ ಒಬ್ಬನೇ. ದ್ವೀಪದ ಗಾಳಿಯಲ್ಲಿ ತೇಲುವ ಸಂಗೀತಕ್ಕೆ ಹೆದರಬೇಡಿ, ಅದು ನೋಯಿಸುವುದಿಲ್ಲ, ನಾನು ಕೇಳುತ್ತಾ ಮಲಗಿದರೆ ಮೋಡ ಬಿರಿದು ಸಿರಿ ಸುರಿಯುವ ಕನಸು ಬೀಳುತ್ತದೆ, ಎಚ್ಚರವಾದರೆ ಮತ್ತೆ ಆ ಕನಸೇ ಬೇಕು ಅಂತ ಅಳುತ್ತೇನೆ ಎಂದು ಅವನು ಹೇಳುವ ಸಾಲುಗಳು ನಾಟಕದಲ್ಲೇ ಅತಿ ಸುಂದರವಾದವು. ಎಲ್ಲರೂ ಮೃಗ ಎಂದು ಕರೆದವನ ಬಾಯಲ್ಲಿ!

ಇನ್ನು ಮಾಯೆಯಲ್ಲಿ ಪೂರ್ತಿ ಮುಳುಗಿದವರನ್ನು ನೋಡಬೇಕೆಂದರೆ ಎರಡನೇ ಅಂಕದ ಆಂಟೋನಿಯೊ ಮತ್ತು ಸೆಬಾಸ್ಟಿಯನ್ ಹತ್ತಿರ ಹೋಗಬೇಕು. ಹಡಗು ಒಡೆದಿದೆ ಅಂದುಕೊಂಡಿದ್ದಾರೆ. ಜನರಿಲ್ಲದ ದ್ವೀಪ, ವಾಪಸು ಹೋಗುವ ದಾರಿ ಗೊತ್ತಿಲ್ಲ. ಏರಿಯಲ್‌ನ ಸಂಗೀತಕ್ಕೆ ರಾಜ ಮತ್ತು ಉಳಿದವರು ಮಲಗಿದ್ದಾರೆ. ಆಗ ಆಂಟೋನಿಯೊ ರಾಜನ ತಮ್ಮನಾದ ಸೆಬಾಸ್ಟಿಯನ್ ಕಿವಿಯಲ್ಲಿ ಊದುತ್ತಾನೆ, ನಿನ್ನ ತಲೆಯ ಮೇಲೆ ಕಿರೀಟ ಕಾಣಿಸುತ್ತಿದೆ, ಅಣ್ಣನನ್ನು ಮುಗಿಸಿಬಿಡು ಅಂತ. ಯಾವ ಕಿರೀಟ? ಕೂರಲು ಸಿಂಹಾಸನ ಇಲ್ಲ, ಆಳಲು ಪ್ರಜೆ ಇಲ್ಲ, ತಲುಪಲು ಹಡಗಿಲ್ಲ. ಕಣ್ಣ ಮುಂದೆ ಇಲ್ಲದ ರಾಜ್ಯಕ್ಕಾಗಿ ಕಣ್ಣ ಮುಂದೆ ಮಲಗಿರುವ ಮನುಷ್ಯನನ್ನು ಕೊಲ್ಲಲು ಕತ್ತಿ ಹಿರಿಯುತ್ತಾರೆ. ಇದಕ್ಕೆ ಯಾರ ಮಂತ್ರವೂ ಬೇಕಾಗಲಿಲ್ಲ, ಬರೀ ಮಾತು ಸಾಕಾಯಿತು. ಪ್ರಾಸ್ಪೆರೊಗೆ ನಿಜವಾದ ಎದುರಾಳಿ ಆಂಟೋನಿಯೊ ಅಂತ ನನಗೆ ಅನ್ನಿಸಿದ್ದು ಈ ದೃಶ್ಯದಿಂದ. ಮಂತ್ರಕೋಲಿಲ್ಲದ ಮಾಂತ್ರಿಕ ಅವನು.

ಇವರನ್ನು ಬಗ್ಗಿಸಲು ಪ್ರಾಸ್ಪೆರೊ ದೊಡ್ಡ ಆಟವನ್ನೇ ಹೂಡುತ್ತಾನೆ. ಮೂರನೇ ಅಂಕದಲ್ಲಿ ಹಸಿದವರ ಮುಂದೆ ಊಟದ ಮೇಜು ಬರುತ್ತದೆ. ಕೈ ಹಾಕುವಷ್ಟರಲ್ಲಿ ಗುಡುಗು, ಮಿಂಚು. ಅರ್ಧ ಹೆಂಗಸು ಅರ್ಧ ಹದ್ದಿನ ರೂಪದಲ್ಲಿ ಏರಿಯಲ್ ಬಂದು ಮೇಜಿನ ಮೇಲೆ ರೆಕ್ಕೆ ಬಡಿಯುತ್ತಾನೆ, ಊಟ ಮಾಯ. ಒಂದು ಜಾಣ ಉಪಾಯದಿಂದ ಮಾಯವಾಗುತ್ತದೆ ಎಂದಷ್ಟೇ ರಂಗಸೂಚನೆಯಲ್ಲಿದೆ. ರೆಕ್ಕೆ ಮೇಜನ್ನು ಮುಚ್ಚಿದ ಕ್ಷಣದಲ್ಲಿ ಹಲಗೆ ತಿರುಗಿಸುತ್ತಿದ್ದಿರಬೇಕು ಅಂತ ಒಂದು ಊಹೆ. ಶೇಕ್ಸ್‌ಪಿಯರ್‌ನ ಕಂಪನಿಗೆ ಆ ಹೊತ್ತಿಗೆ ಬ್ಲ್ಯಾಕ್‌ಫ್ರೈಯರ್ಸ್ ಎಂಬ, ಚಾವಣಿ ಇದ್ದ, ಮೇಣದ ಬತ್ತಿಯ ಬೆಳಕಿನ ರಂಗಮಂದಿರ ಸಿಕ್ಕಿತ್ತು. ಬಯಲು ಬೆಳಕಿನ ಗ್ಲೋಬ್‌ಗಿಂತ ಇಂಥ ಕೈಚಳಕಕ್ಕೆ ಅದು ಹೇಳಿ ಮಾಡಿಸಿದ ಜಾಗ. ಗುಡುಗಿಗೆ ಡೋಲು ಬಡಿಯುತ್ತಿದ್ದರು, ಹಲಗೆಯ ಮೇಲೆ ಕಬ್ಬಿಣದ ಗುಂಡು ಉರುಳಿಸುತ್ತಿದ್ದರು.

ಇಟಲಿಯ ನಿರ್ದೇಶಕ ಜಾರ್ಜಿಯೊ ಸ್ಟ್ರೆಲರ್ 1978ರಲ್ಲಿ ಮಿಲಾನ್‌ನಲ್ಲಿ ಆಡಿಸಿದಾಗ ಇದಕ್ಕೆ ಉಲ್ಟಾ ಮಾಡಿದ. ಏರಿಯಲ್ ಹಾರುವ ತಂತಿಯನ್ನು ಬಚ್ಚಿಡಲಿಲ್ಲ, ಎಲ್ಲರಿಗೂ ಕಾಣುವ ಹಾಗೇ ಬಿಟ್ಟ. ಆ ತಂತಿ ಹಾರಾಟವೂ ಹೌದು, ಸಂಕೋಲೆಯೂ ಹೌದು. ಕೊನೆಯಲ್ಲಿ ಅದನ್ನು ಬಿಚ್ಚಿದಾಗಲೇ ಬಿಡುಗಡೆ. ನಾಟಕದ ತಿರುಳನ್ನು ಇಷ್ಟು ಸರಳವಾಗಿ ಹಿಡಿದದ್ದು ನೋಡಿದರೆ ಆ ನಿರ್ದೇಶಕನ ಮೇಲೆ ನಿಜಕ್ಕೂ ಗೌರವ ಬರುತ್ತದೆ.

ನಾಲ್ಕನೇ ಅಂಕದಲ್ಲಿ ಮಾಯೆ ಮಾಡುವವನೇ ಮಾಯೆಗೆ ಸಿಕ್ಕಿಬೀಳುತ್ತಾನೆ. ಮಗಳ ನಿಶ್ಚಯಕ್ಕೆ ದೇವತೆಗಳ ಕುಣಿತ ಏರ್ಪಡಿಸಿ, ಅದನ್ನು ನೋಡುತ್ತಾ ಮೈಮರೆತು, ಕ್ಯಾಲಿಬನ್ ತನ್ನನ್ನು ಕೊಲ್ಲಲು ಬರುತ್ತಿದ್ದಾನೆ ಅನ್ನೋದನ್ನೇ ಮರೆತುಬಿಡುತ್ತಾನೆ. ಥಟ್ಟನೆ ನೆನಪಾಗಿ ಕುಣಿತ ನಿಲ್ಲಿಸುತ್ತಾನೆ. ಅಪ್ಪ ಇಷ್ಟು ಸಿಟ್ಟಾದದ್ದನ್ನು ನಾನು ನೋಡಿಯೇ ಇಲ್ಲ ಅಂತಾಳೆ ಮಿರಾಂಡಾ. ಗೋಪುರ, ಅರಮನೆ, ಗುಡಿ, ಈ ಭೂಮಂಡಲವೇ ಕರಗಿಹೋಗುತ್ತದೆ, ನಾವು ಕನಸಿನ ಸರಕಿನಿಂದ ಆದವರು ಎಂಬ ಪ್ರಸಿದ್ಧ ಮಾತು ಬರುವುದು ಇಲ್ಲಿ. ಅದನ್ನು ವೇದಾಂತ ಅಂತ ಬಿಡಿಯಾಗಿ ಎತ್ತಿ ಹೇಳುವವರೇ ಜಾಸ್ತಿ. ಆದರೆ ಆ ಹೊತ್ತಿನಲ್ಲಿ ಅವನು ಗಾಬರಿಯಾದ ಮನುಷ್ಯ. ಮಿಲಾನ್‌ನಲ್ಲೂ ಅವನು ಪುಸ್ತಕದಲ್ಲಿ ಮೈಮರೆತು ಆಡಳಿತವನ್ನು ತಮ್ಮನಿಗೆ ಬಿಟ್ಟಿದ್ದ, ಕಳೆದುಕೊಂಡದ್ದು ಹಾಗೇ. ಹನ್ನೆರಡು ವರ್ಷದ ಮೇಲೂ ಅದೇ ಆಗುವುದರಲ್ಲಿತ್ತು.

ಕೊನೆಗೆ ಶತ್ರುಗಳೆಲ್ಲ ಅವನ ಕೈಯಲ್ಲಿದ್ದಾರೆ, ಹುಚ್ಚು ಹಿಡಿದವರ ಹಾಗೆ ನಿಂತಿದ್ದಾರೆ. ಅವರನ್ನು ನೀವು ಈಗ ನೋಡಿದರೆ ನಿಮಗೆ ಮನಸ್ಸು ಕರಗುತ್ತದೆ ಅಂತಾನೆ ಏರಿಯಲ್. ಹಾಗಂತೀಯಾ ಎಂದು ಪ್ರಾಸ್ಪೆರೊ ಕೇಳಿದರೆ, ನಾನು ಮನುಷ್ಯನಾಗಿದ್ದರೆ ನನ್ನದು ಕರಗುತ್ತಿತ್ತು, ಸ್ವಾಮಿ ಅಂತ ಏರಿಯಲ್ ಉತ್ತರ. ಗಾಳಿಯಿಂದಾದ ಒಂದು ಜೀವ, ಅದೂ ಆಳಾಗಿ ದುಡಿಯುವ ಜೀವ, ಮನುಷ್ಯನಿಗೆ ಮನುಷ್ಯನಾಗಿರು ಅಂತ ನೆನಪಿಸಬೇಕಾಯಿತು. ಪ್ರಾಸ್ಪೆರೊ ಕ್ಷಮಿಸಲು ಒಪ್ಪುತ್ತಾನೆ.

ರಾಜ ಅಲಾನ್ಸೊ ಪಶ್ಚಾತ್ತಾಪಪಟ್ಟು ರಾಜ್ಯ ಹಿಂದಿರುಗಿಸುತ್ತಾನೆ. ಆದರೆ ಆಂಟೋನಿಯೊ? ನಿನ್ನನ್ನು ತಮ್ಮ ಅಂತ ಕರೆದರೆ ನನ್ನ ಬಾಯಿಗೇ ಸೋಂಕು, ಆದರೂ ಕ್ಷಮಿಸಿದ್ದೇನೆ ಎಂದು ಪ್ರಾಸ್ಪೆರೊ ಹೇಳಿದ ಮೇಲೆ ಆಂಟೋನಿಯೊ ಒಂದು ಮಾತೂ ಆಡುವುದಿಲ್ಲ. ಆಮೇಲೆ ಇಡೀ ದೃಶ್ಯದಲ್ಲಿ ಅವನು ಬಾಯಿಬಿಡುವುದು ಒಂದೇ ಸಲ, ಕ್ಯಾಲಿಬನ್‌ನನ್ನು ನೋಡಿ, ಇದು ಮೀನು, ಮಾರಿದರೆ ದುಡ್ಡು ಬರುತ್ತದೆ ಅಂತ. ಅಷ್ಟೇ. ಬಿರುಗಾಳಿ, ಹದ್ದು, ಊಟದ ಮೇಜು, ಸಂಗೀತ, ಇಷ್ಟೆಲ್ಲ ಆದರೂ ಅವನೊಳಗೆ ಒಂದು ಎಳೆಯೂ ಅಲುಗಿಲ್ಲ.

ನನಗೆ ಇದು ನಾಟಕದ ಅತಿ ಪ್ರಾಮಾಣಿಕ ಜಾಗ. ಮಂತ್ರದಿಂದ ಮೈ ಕಟ್ಟಿಹಾಕಬಹುದು, ನಿದ್ದೆ ಮಾಡಿಸಬಹುದು, ಹೆದರಿಸಬಹುದು. ತಪ್ಪಾಯಿತು ಅಂತ ಒಳಗಿನಿಂದ ಅನ್ನಿಸುವ ಹಾಗೆ ಮಾಡಲು ಆಗುವುದಿಲ್ಲ. ಕ್ಷಮೆಯ ಸುಖಾಂತ ಅಂತ ಇದನ್ನು ಪಾಠ ಮಾಡುವಾಗ ಈ ಮೌನವನ್ನು ಹಾರಿಸಿಬಿಡುತ್ತಾರೆ, ಅದು ನನಗೆ ಬೇಜಾರು.

ಕೋಲು ಮುರಿದು ಪುಸ್ತಕ ಮುಳುಗಿಸುತ್ತೇನೆ ಎನ್ನುವುದನ್ನು ದೊಡ್ಡ ತ್ಯಾಗ ಅನ್ನುತ್ತಾರೆ. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಆ ಹೊತ್ತಿಗೆ ಅವನಿಗೆ ಬೇಕಾದ್ದೆಲ್ಲ ಕೈಗೆ ಬಂದಿದೆ. ಮಿಲಾನ್ ವಾಪಸು, ಮಗಳು ನೇಪಲ್ಸ್‌ನ ಮುಂದಿನ ರಾಣಿ. ಮಂತ್ರದ ಅಧಿಕಾರ ಕೊಟ್ಟು ಪಟ್ಟದ ಅಧಿಕಾರ ತೆಗೆದುಕೊಂಡಿದ್ದಾನೆ. ಏರಿಯಲ್‌ಗೂ ಬಿಡುಗಡೆ ಸಿಗುವುದು ಊರಿಗೆ ಹೋಗಲು ಒಳ್ಳೆಯ ಗಾಳಿ ಬೀಸುವ ಕೊನೆಯ ಕೆಲಸ ಮುಗಿಸಿದ ಮೇಲೆ. ಕ್ಯಾಲಿಬನ್‌ನನ್ನು ತೋರಿಸಿ ಈ ಕತ್ತಲೆಯ ಜೀವ ನನ್ನದು ಎಂದು ಒಪ್ಪಿಕೊಳ್ಳುತ್ತಾನೆ ನಿಜ, ಆದರೆ ಅವನು ದ್ವೀಪದಲ್ಲೇ ಉಳಿದನೋ ಜೊತೆಗೆ ಹೋದನೋ ನಾಟಕ ಹೇಳುವುದೇ ಇಲ್ಲ.

ನನ್ನ ಈ ವಾದ ಸಡಿಲವಾಗುವುದು ನಾಟಕ ಮುಗಿದ ಮೇಲೆ ಪ್ರೇಕ್ಷಕರಿಗೆ ಹೇಳುವ ಕೊನೆಯ ಮಾತಾದ ಎಪಿಲಾಗ್‌ನಲ್ಲಿ. ಎಲ್ಲರೂ ಒಳಗೆ ಹೋಗಿದ್ದಾರೆ, ಪ್ರಾಸ್ಪೆರೊ ಒಬ್ಬನೇ. ನನ್ನ ಮಂತ್ರವೆಲ್ಲ ಮುಗಿಯಿತು, ಈಗ ಉಳಿದಿರುವ ಬಲ ನನ್ನದೇ, ಅದು ತೀರಾ ಕಮ್ಮಿ ಅಂತಾನೆ. ಬಿಡಿಸಿ ಅಂತ ಕೇಳುತ್ತಾನೆ. ಇಡೀ ನಾಟಕದಲ್ಲಿ ಏರಿಯಲ್ ಅವನನ್ನು ಕೇಳಿದ್ದನ್ನೇ ಈಗ ಅವನು ಪ್ರೇಕ್ಷಕರನ್ನು ಕೇಳುತ್ತಿದ್ದಾನೆ. ನೀವು ಚಪ್ಪಾಳೆ ತಟ್ಟಿದರೆ ನನ್ನ ಕಟ್ಟು ಬಿಚ್ಚುತ್ತದೆ, ಇಲ್ಲದಿದ್ದರೆ ಈ ದ್ವೀಪದಲ್ಲೇ ಉಳಿಯುತ್ತೇನೆ.

ಇದನ್ನು ಮೊದಲ ಸಲ ಓದುವವರಿಗೆ, ಅಥವಾ ಯಾವುದಾದರೂ ತಂಡ ಆಡುವುದನ್ನು ನೋಡಲು ಹೋಗುವವರಿಗೆ ನನ್ನದೊಂದು ಕೋರಿಕೆ. ಐದನೇ ಅಂಕದಲ್ಲಿ ಮಾತಾಡುವವರನ್ನು ಬಿಟ್ಟು ಸ್ವಲ್ಪ ಹೊತ್ತು ಆಂಟೋನಿಯೊನನ್ನೇ ನೋಡಿ. ಅವನು ಎಲ್ಲಿ ನಿಂತಿದ್ದಾನೆ, ಅಣ್ಣ ಕ್ಷಮಿಸಿದೆ ಎಂದಾಗ ಕಣ್ಣು ಎತ್ತ ಹೋಯಿತು, ಎಲ್ಲರೂ ಒಳಗೆ ಹೋಗುವಾಗ ಅವನು ಯಾರ ಪಕ್ಕ ಹೋದ. ಶೇಕ್ಸ್‌ಪಿಯರ್ ಅವನಿಗೆ ಮಾತು ಬರೆದಿಲ್ಲ. ಹಾಗಾಗಿ ಅಲ್ಲಿ ನಟ ಏನು ಮಾಡಿದರೂ ಅದು ಆ ತಂಡದ ಸ್ವಂತ ಓದು. ನೀವು ನೋಡಿದ ಪ್ರಯೋಗದಲ್ಲಿ ಅವನು ಏನು ಮಾಡಿದ ಅಂತ ತಿಳಿಯಲು ನನಗೆ ತುಂಬಾ ಆಸೆ.